ಜಿಂಕೆ ಇಲ್ಲಿ, ಬೋರ್ಡ್ ಅಲ್ಲಿ

"ಬೋರ್ಡ್ ಎಲ್ಲಿದೆ ಅಪ್ಪ? ಜಿಂಕೆ ಬೋರ್ಡ್ ಎಲ್ಲಿದೆ ಹೇಳು ಮತ್ತೆ," ಎಂದು ಮೆಣಸಿ ರಸ್ತೆಯ ಮೇಲೆ ಕೂತುಕೊಂಡೇ ಕೇಳುತ್ತಿದ್ದಳು.

ಅವಳ ಮೊಣಕಾಲು ತರಚಿ ರಕ್ತ ಬರುತ್ತಿತ್ತು. ಬೈಕ್ ಅಡ್ಡ ಬಿದ್ದಿತ್ತು, ಹಿಂದಿನ ಚಕ್ರ ಇನ್ನೂ ಗರಗರ ತಿರುಗುತ್ತಿತ್ತು. ಹಳದಿ ಬಣ್ಣದ ಡಬ್ಬದ ಮುಚ್ಚಳ ಕಳಚಿ, ಅರ್ಧ ರಸ್ತೆಗೆ ಬಣ್ಣ ಚೆಲ್ಲಿತ್ತು.

ಆದದ್ದು ಇಷ್ಟು. ಅಪ್ಪ ಮಗಳು ಪಕ್ಕದ ಪಟ್ಟಣದಿಂದ ಬಣ್ಣ ತೆಗೆದುಕೊಂಡು ಮನೆಗೆ ಬರುತ್ತಿದ್ದರು. ಸಂಜೆ ಐದೂವರೆ, ಬಿಸಿಲು ಇನ್ನೂ ಇತ್ತು. ತಿರುವಿನಲ್ಲಿ ಬಲಗಡೆಯ ಮರಗಳ ನಡುವಿನಿಂದ ಒಂದು ಜಿಂಕೆ ಚಂಗನೆ ರಸ್ತೆಗೆ ಹಾರಿತು. ಅಪ್ಪ ಬ್ರೇಕ್ ಒತ್ತಿದ. ಬೈಕ್ ಜಾರಿತು. ಇಬ್ಬರೂ ಬಿದ್ದರು.

ಬಿದ್ದ ಮೇಲೆ ಇನ್ನೂ ಎರಡು ಜಿಂಕೆ ಬಂದವು. ಅದರಲ್ಲೊಂದು ನಿಂತು, ಮೆಣಸಿಯನ್ನು ಕಣ್ಣರಳಿಸಿ ನೋಡಿ, ಇವರಿಗೆ ಇಲ್ಲೇನು ಕೆಲಸ ಅನ್ನುವ ಹಾಗೆ ಕಿವಿ ಒದರಿ, ಬಣ್ಣ ತುಳಿದುಕೊಂಡೇ ಆಚೆ ಹೋಯಿತು. ರಸ್ತೆಯ ಆ ಅಂಚಿನವರೆಗೂ ಸಾಲಾಗಿ ಹಳದಿ ಗೊರಸಿನ ಗುರುತು ಬಿತ್ತು.

ಮೆಣಸಿಗೆ ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಆದರೆ ಮನೆಯಲ್ಲಿ, ಬೀದಿಯಲ್ಲಿ ಎಲ್ಲರಿಗೂ ಅವಳು ಮೆಣಸಿನಕಾಳು. ಆಳು ಇಷ್ಟೇ ಇಷ್ಟು, ಖಾರ ಮಾತ್ರ ಅಷ್ಟು ಅಂತ ಅತ್ತೆ ಇಟ್ಟ ಹೆಸರು. ಕೋಪ ಅವಳ ಮೂಗಿನ ತುದಿಯಲ್ಲೇ ಇರುತ್ತದೆ, ನಿಜ. ಆದರೆ ಇವತ್ತಿನ ಕೋಪಕ್ಕೆ ಕಾರಣ ಇತ್ತು.

ಕೇಳಿ. ಮೆಣಸಿಯ ಅಪ್ಪ ಬೋರ್ಡ್ ಬರೆಯುವ ಪೇಂಟರ್. "ಜಿಂಕೆಗಳು ದಾಟುವ ಸ್ಥಳ, ನಿಧಾನವಾಗಿ ಚಲಿಸಿ" ಅಂತ ಹಳದಿ ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ ಓಡುವ ಜಿಂಕೆ ಬಿಡಿಸಿದ್ದು ಅವನೇ. ಎರಡು ದಿನ ಆ ಬೋರ್ಡ್ ಅವರ ಮನೆಯ ಹೊರಕೋಣೆಯಲ್ಲಿ ಒಣಗಿತ್ತು. ಬೆಕ್ಕು ಅದರ ಮೇಲೆ ಹೋಗದ ಹಾಗೆ ಮೆಣಸಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಆಮೇಲೆ ರಸ್ತೆ ಆಫೀಸಿನವರು ಬಂದು ತೆಗೆದುಕೊಂಡು ಹೋಗಿ ನೆಟ್ಟರು. ಎಲ್ಲಿ ನೆಟ್ಟರು? ಇಲ್ಲಿಂದ ಒಂದು ಕಿಲೋಮೀಟರ್ ಮುಂದೆ.

ಬೆಳಿಗ್ಗೆ ಹೋಗುವಾಗ ಆ ಬೋರ್ಡ್ ಕಂಡ ಕೂಡಲೇ ಅಪ್ಪ ಗಾಡಿ ನಿಧಾನ ಮಾಡಿದ್ದ. ಜಿಂಕೆ ಹೋಗಲಿ, ಒಂದು ನಾಯಿಯೂ ಅಡ್ಡ ಬರಲಿಲ್ಲ. ಈಗ ವಾಪಸು ಬರುವಾಗ ಬೋರ್ಡ್ ಇನ್ನೂ ಬಂದೇ ಇಲ್ಲ, ಜಿಂಕೆ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹೇಳಿ, ಇದಕ್ಕೆ ಕೋಪ ಬರದಿದ್ದರೆ ಇನ್ಯಾವುದಕ್ಕೆ ಬರಬೇಕು?

ಅಪ್ಪ ಮಾತ್ರ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ತೆವಳುತ್ತ ರಸ್ತೆಯ ಎಡಗಡೆಯ ಪೊದೆಗೆ ಒರಗಿ ಕೂತ. ಭುಜದಿಂದ ಒಂದು ಕೊಂಬೆ ಸರಿಸಿ ಒಳಗೆ ಏನನ್ನೋ ನೋಡಿದ. ಆಮೇಲೆ ಅವನ ಮುಖ ಬಿಳಿಚಿಕೊಂಡಿತು. ನೋವಿಗೆ ಇರಬೇಕು ಅಂದುಕೊಂಡಳು ಮೆಣಸಿ.

ಅಷ್ಟರಲ್ಲಿ ಬ್ರೆಡ್ ವ್ಯಾನ್ ಒಂದು ಬಂತು. ಡ್ರೈವರಣ್ಣ ಇಬ್ಬರನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ಬಿಟ್ಟ. ದಾರಿಯುದ್ದಕ್ಕೂ ಅವನು ಮೆಣಸಿಯಿಂದ ಬೋರ್ಡಿನ ಕತೆಯನ್ನು ಮೂರು ಸಲ ಕೇಳಬೇಕಾಯಿತು.

ಅಪ್ಪನ ಬಲಗೈ ಮಣಿಕಟ್ಟು ಮುರಿದಿತ್ತು. ಮೊಣಕೈವರೆಗೂ ಪ್ಲಾಸ್ಟರ್ ಹಾಕಿ, ಆರು ವಾರ ಅಂದರು ಡಾಕ್ಟರು. ಪೇಂಟರಿಗೆ ಬಲಗೈ ಇಲ್ಲದ ಆರು ವಾರ ಅಂದರೆ ಏನು ಅಂತ ಆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?

ಮನೆಯಲ್ಲಿ ಅಪ್ಪ ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡುತ್ತಿದ್ದ. ಅರ್ಧ ತಟ್ಟೆಗೆ, ಅರ್ಧ ಬಾಯಿಗೆ. ಬೆಳಿಗ್ಗೆ ಅಮ್ಮ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು. ಒಂದೊಂದು ಗುಂಡಿಗೂ ಮೆಣಸಿಯ ಕೋಪ ಒಂದೊಂದು ಗೇಣು ಏರುತ್ತಿತ್ತು. ಬೋರ್ಡ್ ನೆಟ್ಟವರಿಗೆ ಕಣ್ಣಿಲ್ಲ ಅಂತ ಅವಳು ನರ್ಸಿಗೆ ಹೇಳಿದಳು, ಕೆಳಗಿನ ಮನೆಯವರಿಗೆ ಹೇಳಿದಳು, ಪೇಪರ್ ಹಾಕಲು ಬಂದವರಿಗೂ ಹೇಳಿದಳು. ತಾಳಿದವನು ಬಾಳಿಯಾನು ಅಂತ ಅಮ್ಮ ಸಮಾಧಾನ ಮಾಡಲು ಬಂದರೆ, ತಾಳಿದವನು ಎಡಗೈಯಲ್ಲಿ ಉಣ್ಣುತ್ತಿದ್ದಾನೆ ಅಂತ ಉತ್ತರ ಕೊಟ್ಟಳು.

ಎಲ್ಲಕ್ಕಿಂತ ಅವಳಿಗೆ ಉರಿಯುತ್ತಿದ್ದದ್ದು ಅಪ್ಪನ ಮಾತಿಗೆ. "ಬಿಡು ಮಗಳೇ," ಅನ್ನುತ್ತಿದ್ದ. ಅಷ್ಟೇ. ಕೈ ಮುರಿದರೂ ಬಿಡು, ಬಣ್ಣ ಚೆಲ್ಲಿದರೂ ಬಿಡು. ಇನ್ನೂ ಎಷ್ಟು ಜನ ಅಲ್ಲಿ ಬೀಳಬೇಕು? ತನ್ನ ಶಾಲೆಯ ವ್ಯಾನೇ ದಿನಾ ಆ ತಿರುವಿನಲ್ಲಿ ಎರಡು ಸಲ ಹೋಗುತ್ತದೆ, ಹದಿನೆಂಟು ಮಕ್ಕಳು ಇರುತ್ತಾರೆ. ಅಪ್ಪನಿಗೆ ಕೋಪ ಬರುವುದಿಲ್ಲ ಅಂದರೆ ಅವನ ಪಾಲಿನದ್ದನ್ನೂ ತಾನೇ ಮಾಡಬೇಕು ಅಂತ ಮೆಣಸಿ ತೀರ್ಮಾನ ಮಾಡಿದಳು.

ಆ ವಾರ ಶಾಲೆಯಲ್ಲಿ "ಅಧಿಕಾರಿಗೆ ಪತ್ರ" ಪಾಠ ಬಂತು. ಎಲ್ಲರೂ ಬೀದಿ ದೀಪ ಕೆಟ್ಟಿದೆ ಅಂತಲೋ, ನಲ್ಲಿ ಸೋರುತ್ತಿದೆ ಅಂತಲೋ ಸುಳ್ಳುಸುಳ್ಳೇ ಬರೆದರು. ಮೆಣಸಿ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಹೀಗೆ ಬರೆದಳು:

"ಮಾನ್ಯರೇ,

ವಿಷಯ: ಜಿಂಕೆ ಇಲ್ಲಿ, ಬೋರ್ಡ್ ಅಲ್ಲಿ.

ನಿಮ್ಮ ಬೋರ್ಡಿನ ಹತ್ತಿರ ಜಿಂಕೆಗಳು ಬರುವುದಿಲ್ಲ. ಜಿಂಕೆಗಳಿಗೆ ಓದಲು ಬರುವುದಿಲ್ಲವಾದ್ದರಿಂದ ಅವು ಬೋರ್ಡ್ ಹುಡುಕಿಕೊಂಡು ಹೋಗುವುದಿಲ್ಲ. ಓದಲು ಬರುವ ನೀವೇ ಬೋರ್ಡನ್ನು ಅವುಗಳ ಹತ್ತಿರ ತರಬೇಕು. ಬೋರ್ಡ್ ನೆಟ್ಟವರಿಗೆ ಕಣ್ಣಿಲ್ಲವೇ? ಅವರ ದೆಸೆಯಿಂದ ನನ್ನ ತಂದೆಯವರ ಬಲಗೈ ಮುರಿದಿದೆ. ಅವರು ಯಾರು ಅಂತ ಕಂಡುಹಿಡಿದು, ನನ್ನ ತಂದೆಯವರ ಹತ್ತಿರ ಬಂದು ತಪ್ಪಾಯಿತು ಅನ್ನಬೇಕಾಗಿ ವಿನಂತಿ."

ಟೀಚರ್ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದು ಸಲ ಓದಿದರು. ಇದನ್ನು ನಿಜವಾಗಿಯೂ ಕಳಿಸೋಣವಾ ಅಂತ ಕೇಳಿದರು. ಕೇಳಬೇಕೇ! ಪತ್ರ ಶಾಲೆಯ ಮೊಹರು ಹೊತ್ತುಕೊಂಡು ಅಂಚೆಗೆ ಹೋಯಿತು. ಮೆಣಸಿ ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಆಫೀಸಿನವರು ಓಡಿ ಬಂದು ಅಪ್ಪನ ಮುಂದೆ ನಿಂತಾಗ ಅಪ್ಪನಿಗೆ ಗೊತ್ತಾದರೆ ಸಾಕು ಅಂದುಕೊಂಡಳು.

ಬೈಕಿನಿಂದ ಬಿದ್ದ ಹತ್ತನೇ ದಿನ ಶಾಲೆಗೆ ಉತ್ತರ ಬಂತು. ಬೋರ್ಡ್ ನೆಟ್ಟ ಮೇಸ್ತ್ರಿಯಿಂದ ವಿವರಣೆ ಕೇಳಲಾಗಿದೆ, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ವಿಚಾರಣೆ, ಪತ್ರ ಬರೆದವರು ದೊಡ್ಡವರೊಬ್ಬರ ಜೊತೆ ಬಂದು ಜಾಗ ಎಲ್ಲಿ ಅಂತ ಸರಿಯಾಗಿ ತಿಳಿಸಬೇಕು ಅಂತ ಇತ್ತು.

ವಿವರಣೆ ಅಂದರೆ ಏನು ಅಂತ ಮೆಣಸಿ ಕೇಳಿದಳು. ಹೀಗೆ ಯಾಕೆ ಮಾಡಿದೆ ಅಂತ ಅವರು ಬರೆದು ಕೊಡಬೇಕು, ಸರಿಯಾದ ಕಾರಣ ಇಲ್ಲದಿದ್ದರೆ ಕೆಲಸದಿಂದ ನಿಲ್ಲಿಸಿದರೂ ನಿಲ್ಲಿಸಬಹುದು ಅಂದರು ಟೀಚರ್.

"ನಿಲ್ಲಿಸಲಿ," ಅಂದಳು ಮೆಣಸಿ.

ಟೀಚರ್ ಅವಳನ್ನು ಒಂದು ಕ್ಷಣ ನೋಡಿದರು. ಏನೋ ಹೇಳಲು ಹೊರಟರು, ಅಷ್ಟರಲ್ಲಿ ಗಂಟೆ ಹೊಡೆಯಿತು.

ಭಾನುವಾರ ಅತ್ತೆ ಬೈಕ್ ರಿಪೇರಿ ಮುಗಿಸಿದಳು. ಅತ್ತೆ ಅಂದರೆ ಅಪ್ಪನ ತಂಗಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವಳ ಗ್ಯಾರೇಜು. ಊರಿನ ಅರ್ಧ ಬೈಕುಗಳ ರೋಗ ಅವಳಿಗೆ ಸದ್ದಿನಲ್ಲೇ ತಿಳಿಯುತ್ತದೆ. ಸೊಟ್ಟಗಾಗಿದ್ದ ಹ್ಯಾಂಡಲ್ ಬದಲಾಯಿಸಿ, ಬ್ರೇಕ್ ಹೊಸದು ಹಾಕಿ, ಓಡಿಸಿ ನೋಡಿ ಬರುತ್ತೇನೆ ಅಂತ ಹೊರಟಾಗ ಮೆಣಸಿ ನೋಟ್ ಪುಸ್ತಕ ಹಿಡಿದು ಹಿಂದೆ ಹತ್ತಿದಳು. ಬೀದಿ ದಾಟುವಷ್ಟರಲ್ಲಿ ಗುಟ್ಟೆಲ್ಲ ಹೇಳಿಯೂ ಆಯಿತು.

ಅತ್ತೆಗೆ ಖುಷಿಯೋ ಖುಷಿ. ಕೋಪದ ವಿಷಯದಲ್ಲಿ ಅತ್ತೆ ಸೊಸೆ ಒಂದೇ ಹಿಟ್ಟಿನವರು. ಸುಮ್ಮನೆ ಒಂದು ಕಿಲೋಮೀಟರ್ ಅಂತ ಬಾಯಿಮಾತಲ್ಲಿ ಹೇಳಿದರೆ ಆಫೀಸಿನವರು ಒಪ್ಪುವುದಿಲ್ಲ, ಬೈಕಿನ ಮೀಟರ್ ನೋಡಿ ಅಳೆದು ಬರೆದುಕೊಂಡು ಹೋಗು ಅಂತ ಐಡಿಯಾ ಕೊಟ್ಟವಳೂ ಅವಳೇ.

ಇಬ್ಬರೂ ಬೋರ್ಡ್ ದಾಟಿ, ತಿರುವು ದಾಟಿ, ಹನ್ನೊಂದನೇ ಕಿಲೋಮೀಟರ್ ಕಲ್ಲಿನವರೆಗೂ ಹೋದರು. ಅಲ್ಲಿಂದ ಗಾಡಿ ತಿರುಗಿಸಿ ಊರಿನ ಕಡೆಗೆ ಲೆಕ್ಕ ಶುರು ಮಾಡಿದರು. ಒಂದೊಂದು ಕಲ್ಲಿನ ಹತ್ತಿರವೂ ನಿಂತು ಮೆಣಸಿ ಮೀಟರ್ ನೋಡಿ ಬರೆದುಕೊಂಡಳು. ಹನ್ನೊಂದರಿಂದ ಹನ್ನೆರಡಕ್ಕೆ ಒಂದು ಕಿಲೋಮೀಟರ್. ಹನ್ನೆರಡರಿಂದ ಹದಿಮೂರಕ್ಕೆ ಒಂದು. ಹದಿಮೂರರಿಂದ ಹದಿನಾಲ್ಕಕ್ಕೆ, ಅಂದರೆ ಜಿಂಕೆ ಬೋರ್ಡ್ ಇರುವ ಕಲ್ಲಿಗೆ, ಎರಡು.

ಮೆಣಸಿ ಪೆನ್ನು ಎತ್ತಿ ಹಿಡಿದಳು. ಬಿದ್ದ ಏಟಿಗೆ ಮೀಟರ್ ಕೆಟ್ಟಿದೆ ಅಂದಳು.

ಅತ್ತೆಗೆ ಅವಮಾನವಾಯಿತು. ತನ್ನ ಕೈಯಿಂದ ಹೊರಬಿದ್ದ ಗಾಡಿಯ ಮೀಟರ್ ಕೆಟ್ಟಿದೆ ಅಂತ ಇವತ್ತಿನವರೆಗೂ ಯಾರೂ ಅಂದಿಲ್ಲ ಅಂತ ಗಾಡಿ ತಿರುಗಿಸಿ ಮತ್ತೆ ಅಳೆದಳು. ಮತ್ತೆ ಎರಡೇ ಬಂತು.

"ಮೀಟರ್ ಸುಳ್ಳು ಹೇಳಲ್ಲ ಮೆಣಸಿ," ಅಂದಳು ಅತ್ತೆ. "ಕಲ್ಲು ಹೇಳ್ತಿದೆಯೇನೋ ನೋಡೋಣ."

ಹದಿಮೂರನೇ ಕಲ್ಲಿನಿಂದ ಸರಿಯಾಗಿ ಒಂದು ಕಿಲೋಮೀಟರ್ ಬಂದು ಬೈಕ್ ನಿಲ್ಲಿಸಿದರು. ಅದು ಅದೇ ತಿರುವು. ರಸ್ತೆಯ ಮೇಲೆ ಹಳದಿ ಗೊರಸಿನ ಗುರುತು ಮಾಸಿತ್ತು, ಆದರೂ ಇತ್ತು. ಎಡಗಡೆ ಅಪ್ಪ ಒರಗಿ ಕೂತಿದ್ದ ಪೊದೆ.

ಅತ್ತೆ ದೊಡ್ಡ ಸ್ಪ್ಯಾನರ್ ತೆಗೆದು ಕೊಂಬೆಗಳನ್ನು ಪಕ್ಕಕ್ಕೆ ಒತ್ತಿ ಹಿಡಿದಳು. ಒಳಗೆ ಕಲ್ಲೊಂದು ನಿಂತಿತ್ತು. ಹೊಸ ಬಣ್ಣ ಇಲ್ಲ, ಬುಡಕ್ಕೆಲ್ಲ ಪಾಚಿ. ಬೇರೆ ಕಲ್ಲುಗಳ ಹಳೇ ಅಂಕಿ ಬಿಸಿಲಿಗೆ ಅಳಿಸಿಹೋಗಿತ್ತು. ಇದು ನೆರಳಲ್ಲಿ ಇದ್ದದ್ದರಿಂದ ಉಳಿದುಕೊಂಡಿತ್ತು. ಯಾರೋ ಹಳೇ ಪೇಂಟರಿನ ಅಕ್ಷರದಲ್ಲಿ, ಸ್ಪಷ್ಟವಾಗಿ, ಹದಿನಾಲ್ಕು.

ಇದು ಹದಿನಾಲ್ಕಾದರೆ ಬೋರ್ಡ್ ಹತ್ತಿರ ಇರುವ ಕಲ್ಲು ಹದಿನೈದು. ಅದರ ಮುಂದಿನದು ಹದಿನಾರು. ಊರಿನವರೆಗೂ ಎಲ್ಲವೂ ಒಂದೊಂದು ಹಿಂದೆ.

ಮೆಣಸಿ ನೋಟ್ ಪುಸ್ತಕ ಮುಚ್ಚಿದಳು. ಏಕೆಂದರೆ ಆ ಕಲ್ಲುಗಳಿಗೆ ಬಣ್ಣ ಹೊಡೆದು ನಂಬರ್ ಬರೆದವನು ಅಪ್ಪ. ಹೋದ ರಜೆಯಲ್ಲಿ. ಕಲ್ಲು ಹುಡುಕುವ ಕೆಲಸ ಅವಳದ್ದು.

ಅಪ್ಪ ನಿಧಾನವಾಗಿ ಬೈಕ್ ಓಡಿಸುವುದು, ಅವಳು ಹಿಂದೆ ಕೂತು ಎಡಗಡೆ ನೋಡುತ್ತಿರುವುದು, ಕಲ್ಲು ಕಂಡ ಕೂಡಲೇ ಅಪ್ಪನ ಬೆನ್ನು ತಟ್ಟುವುದು. ಹಾಗಂತ ಮಾತಾಗಿತ್ತು. ಹದಿಮೂರನೇ ಕಲ್ಲಿನ ಹತ್ತಿರ ಅವಳು ಬ್ರಷ್ ಕೇಳಿದಳು, ಆ ಮೂರನ್ನು ತಾನೇ ಬರೆಯುತ್ತೇನೆ ಅಂತ. ಅಪ್ಪ ಕೊಡಲಿಲ್ಲ. ಇದು ಸರ್ಕಾರಿ ಕಲ್ಲು ಮಗಳೇ, ಮನೇಲಿ ಬೇರೆ ಕೊಡ್ತೀನಿ ಅಂದ. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಬೈಕ್ ಹತ್ತಿ ಬೇಕಂತಲೇ ಬಲಗಡೆಗೆ ಮುಖ ತಿರುಗಿಸಿ ಕೂತಳು. ಎಷ್ಟು ಹೊತ್ತು ಕೂತಳೋ. ಆಮೇಲೆ ಸಿಟ್ಟು ಸ್ವಲ್ಪ ಇಳಿದು ಎಡಗಡೆ ನೋಡಿದಾಗ ಕಲ್ಲು ಕಂಡಿತು, ಬೆನ್ನು ತಟ್ಟಿದಳು. ಅಪ್ಪ ಇಳಿದು ಹದಿನಾಲ್ಕು ಅಂತ ಬರೆದ.

ಏನಾಯಿತು ಅಂತ ಅತ್ತೆ ಕೇಳಿದಳು. ಮೆಣಸಿ ಮಾತಾಡಲಿಲ್ಲ. ಮನೆ ಬರುವವರೆಗೂ ಮಾತಾಡಲಿಲ್ಲ. ಹುಟ್ಟಿದಾಗಿನಿಂದ ಅವಳು ಇಷ್ಟು ದೂರ ಬಾಯಿ ಮುಚ್ಚಿಕೊಂಡು ಬಂದದ್ದು ಇದೇ ಮೊದಲು, ಜ್ವರ ಬಂದಿದೆಯೇನೋ ಅಂತ ಅತ್ತೆ ಎರಡು ಸಲ ಗಾಡಿ ನಿಲ್ಲಿಸಿ ಹಣೆ ಮುಟ್ಟಿ ನೋಡಿದಳು.

ಅಪ್ಪ ಹೊರಕೋಣೆಯಲ್ಲಿ ಕೂತು ಎಡಗೈಯಲ್ಲಿ ಬ್ರಷ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಬಳಸದೆ ಇದ್ದರೂ ವಾರಕ್ಕೊಮ್ಮೆ ತೊಳೆಯದಿದ್ದರೆ ಕೂದಲು ಗಟ್ಟಿಯಾಗುತ್ತದೆ.

"ಪೊದೆ ಒಳಗೆ ಕಲ್ಲಿದೆ," ಅಂದಳು ಮೆಣಸಿ.

ಅಪ್ಪನ ಕೈ ನಿಂತಿತು. "ನೋಡಿದ್ಯಾ?"

"ನಿಂಗೆ ಗೊತ್ತಿತ್ತು."

"ಬಿದ್ದಾಗ್ಲೇ ನೋಡ್ದೆ."

ಹಾಗಾದರೆ ಹನ್ನೆರಡು ದಿನದಿಂದ ಗೊತ್ತಿತ್ತು. ಅವಳು ಹಾರಾಡುತ್ತಿದ್ದಾಗ ಗೊತ್ತಿತ್ತು, ಕಣ್ಣಿಲ್ಲದವರು ಅಂತ ಬೀದಿಗೆಲ್ಲ ಹೇಳುತ್ತಿದ್ದಾಗ ಗೊತ್ತಿತ್ತು. ಬಿಡು ಮಗಳೇ, ಬಿಡು ಮಗಳೇ. ಮೆಣಸಿಗೆ ಅಳುವೂ ಕೋಪವೂ ಒಟ್ಟೊಟ್ಟಿಗೆ ಬಂದವು. ಯಾಕೆ ಹೇಳಲಿಲ್ಲ ಅಂತ ಕೇಳಿದಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ತಾನೇ ಆಫೀಸಿಗೆ ಹೋಗಿ, ಒಂದು ಕಲ್ಲು ಬಿಟ್ಟುಹೋಯಿತು ಅಂತ ಹೇಳಿ, ಎಲ್ಲವನ್ನೂ ತಿದ್ದಿ ಬರೆಯೋಣ ಅಂತಿದ್ದೆ ಅಂದ ಅಪ್ಪ. ಬೋರ್ಡೂ ಆಗ ಸರಿಯಾಗುತ್ತದೆ ಅಂದ.

"ಆರು ವಾರ ಜಿಂಕೆ ಕಾಯುತ್ತಾ?" ಅಂದಳು ಮೆಣಸಿ. "ನಮ್ಮ ವ್ಯಾನ್ ದಿನಾ ಹೋಗುತ್ತೆ ಅಲ್ಲಿ."

ಅಪ್ಪ ತಲೆ ತಗ್ಗಿಸಿದ. ಅದು ತಪ್ಪೇ ಅಂದ. ದಿನಾ ನಾಳೆ ಹೋಗೋಣ ಅಂದುಕೊಳ್ಳುತ್ತಿದ್ದೆ, ಧೈರ್ಯ ಬರಲಿಲ್ಲ, ಮತ್ತೆ ಕೆಲಸ ಕೊಡುತ್ತಾರೋ ಇಲ್ಲವೋ ಅಂತ ಹೆದರಿಕೆ ಆಯಿತು ಅಂದ. ಅಪ್ಪನಿಗೂ ಹೆದರಿಕೆ ಆಗುತ್ತದೆ ಅಂತ ಮೆಣಸಿಗೆ ಗೊತ್ತಿರಲಿಲ್ಲ. ಅವಳ ಕೋಪ ಎಲ್ಲಿ ಹೋಗಿ ನಿಲ್ಲಬೇಕು ಅಂತ ತಿಳಿಯದೆ ಒದ್ದಾಡಿತು.

ಆಮೇಲೆ ಅವಳು ಪತ್ರದ ವಿಷಯ ಹೇಳಿದಳು. ಉತ್ತರ ಬಂದದ್ದು, ಮೇಸ್ತ್ರಿಯನ್ನು ಕರೆಸಿದ್ದು, ನಾಳೆ ಹತ್ತೂವರೆ.

ಬ್ರಷ್ ಅಪ್ಪನ ಕೈಯಿಂದ ಡಬ್ಬಕ್ಕೆ ಬಿತ್ತು. "ಮೇಸ್ತ್ರಿನ ಕರೆಸಿದ್ದಾರಾ? ಅವರೇನು ಮಾಡಿದ್ರು ಪಾಪ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ಈ ಮಾತನ್ನು ಮೆಲ್ಲಗೆ ಹೇಳಿ ಒಳಗೆ ಹೋದಳು.

ನಾಳೆ ನಾನು ಬರ್ತೀನಿ, ಕಲ್ಲು ಬಿಟ್ಟವನು ನಾನು ಅಂತೀನಿ, ನೀನು ಸುಮ್ಮನಿರು ಅಂದ ಅಪ್ಪ. ಕಲ್ಲು ನೋಡುವ ಕೆಲಸ ನನ್ನದಲ್ಲವಾ ಅಂದಳು ಮೆಣಸಿ. ಕೆಲಸ ಒಪ್ಪಿಕೊಂಡವನು ನಾನು ಅಂದ ಅಪ್ಪ. ರಾತ್ರಿ ಊಟಕ್ಕೆ ಕೂತರೂ ಇದೇ ಜಗಳ. ಇಬ್ಬರೂ ತಪ್ಪು ನಂದು ನಂದು ಅಂತ ಕಿತ್ತಾಡುವುದನ್ನು ನೋಡಿ ಅಮ್ಮ, ಇಷ್ಟು ದಿನ ಇದು ಯಾರಿಗೂ ಬೇಡವಾಗಿತ್ತು, ಈಗ ಹಂಚ್ಕೊಂಡು ತಿನ್ನಿ ಅಂದಳು.

ಸೋಮವಾರ ರಸ್ತೆ ಆಫೀಸಿನಲ್ಲಿ ಇಂಜಿನಿಯರ್ ಮೇಡಂ ಮೇಜಿನ ಹಿಂದೆ ಕೂತಿದ್ದರು. ಮೇಜಿನ ಮೇಲೆ ಮೆಣಸಿಯ ಪತ್ರ ಇತ್ತು. ಮೇಜಿನ ಮುಂದೆ ಮೇಸ್ತ್ರಿ ನಿಂತಿದ್ದರು.

ಮೆಣಸಿ ಮೇಸ್ತ್ರಿಯನ್ನು ಮನಸ್ಸಿನಲ್ಲಿ ಎಷ್ಟೋ ಸಲ ನೋಡಿದ್ದಳು. ದಪ್ಪ ಮೀಸೆ, ಕೆಂಪು ಕಣ್ಣು, ಸೋಮಾರಿ ನಡಿಗೆ. ಇವರು ಹಾಗಿರಲಿಲ್ಲ. ತೆಳ್ಳಗಿದ್ದರು, ಬಿಸಿಲಿಗೆ ಕಪ್ಪಾಗಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕುತ್ತಿಗೆಯ ಗುಂಡಿಯನ್ನೂ ಹಾಕಿಕೊಂಡಿದ್ದರು. ಬೈಸಿಕೊಳ್ಳುವುದಕ್ಕೆ ಯಾರಾದರೂ ಒಳ್ಳೇ ಅಂಗಿ ಹಾಕಿಕೊಂಡು ಬರುತ್ತಾರೆಯೇ? ಅವರು ಬಂದಿದ್ದರು.

"ಇಪ್ಪತ್ತೆರಡು ವರ್ಷ ಆಯ್ತು ಮೇಡಂ ನಾನು ಈ ಕೆಲಸ ಮಾಡ್ತಾ," ಅನ್ನುತ್ತಿದ್ದರು ಮೇಸ್ತ್ರಿ. "ಆರ್ಡರಲ್ಲಿ ಹದಿನಾಲ್ಕು ಅಂತಿತ್ತು. ಕಲ್ಲಿನ ಮೇಲೂ ಹದಿನಾಲ್ಕು ಅಂತಿತ್ತು. ನೆಟ್ಟೆ. ಇನ್ನೇನು, ಜಿಂಕೆ ಹತ್ರ ಹೋಗಿ ಅಡ್ರೆಸ್ ಕೇಳ್ಬೇಕಿತ್ತಾ?"

ಅವರು ಜೋರಾಗಿ ಹೇಳಲಿಲ್ಲ. ಆದರೆ ದನಿ ನಡುಗುತ್ತಿತ್ತು. ತನ್ನದಲ್ಲದ ತಪ್ಪಿಗೆ ನಿಂತವರ ದನಿ ಅದು. ಹನ್ನೆರಡು ದಿನ ಅದೇ ದನಿಯಲ್ಲಿ ಮಾತಾಡಿದ್ದ ಮೆಣಸಿಗೆ ಅದು ಚೆನ್ನಾಗಿ ಗೊತ್ತಿತ್ತು. ಕಾಲು ಬಾಗಿಲ ಕಡೆಗೆ ಎಳೆಯಿತು.

"ಮೇಡಂ, ಆ ಕಲ್ಲು ಬರೆದವನು..." ಅಂತ ಅಪ್ಪ ಶುರು ಮಾಡಿದ.

"ಅವರು ಸರಿಯಾಗೇ ನೆಟ್ಟಿದ್ದಾರೆ," ಅಂದಳು ಮೆಣಸಿ. "ಕಲ್ಲಿನ ನಂಬರ್ ತಪ್ಪು. ಕಲ್ಲು ನೋಡ್ಬೇಕಾಗಿದ್ದೋಳು ನಾನು. ಒಂದು ಕಲ್ಲು ಪೊದೆ ಒಳಗಿತ್ತು. ನಾನು ಸಿಟ್ಟು ಮಾಡ್ಕೊಂಡು ಆ ಕಡೆ ನೋಡ್ಲೇ ಇಲ್ಲ."

ಹೇಳಿ ಮುಗಿಸಿ ನೋಟ್ ಪುಸ್ತಕ ಮೇಜಿನ ಮೇಲೆ ಇಟ್ಟಳು. ಮೇಡಂ ಮೀಟರಿನ ಲೆಕ್ಕ ನೋಡಿದರು. ಹಾಗಾದರೆ ಕೊನೆಯಲ್ಲಿ ಒಂದು ನಂಬರ್ ಉಳಿದಿರಬೇಕಲ್ಲ ಅಂತ ಅಪ್ಪನನ್ನು ಕೇಳಿದರು. ಉಳಿದಿತ್ತು, ಊರಿನ ಸರ್ಕಲ್ ಅಗಲ ಮಾಡುವಾಗ ಕೊನೇ ಕಲ್ಲು ಹೋಗಿರಬೇಕು ಅಂದುಕೊಂಡೆ, ಬಂದು ಕೇಳಬೇಕಿತ್ತು, ಕೇಳಲಿಲ್ಲ ಅಂದ ಅಪ್ಪ. ಮಗು ಕಲ್ಲು ನೋಡಿದರೂ ನಂಬರ್ ಬರೆದ ಕೈ ನನ್ನದು ಅಂತಲೂ ಸೇರಿಸಿದ.

ಮೇಡಂ ಯಾರನ್ನೂ ಹೊಗಳಲಿಲ್ಲ. ಮೇಸ್ತ್ರಿಯ ಕೈಯಿಂದ ವಿವರಣೆಯ ಕಾಗದ ತೆಗೆದುಕೊಂಡು ಅದರ ಮೇಲೆ ಅಡ್ಡಗೆರೆ ಎಳೆದರು. ನಾಳೆ ಬೆಳಿಗ್ಗೆಯೇ ಬೋರ್ಡ್ ಜಾಗ ಬದಲಾಗಬೇಕು ಅಂದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಹದಿನಾಲ್ಕರಿಂದ ಊರಿನವರೆಗೆ ಎಲ್ಲ ಕಲ್ಲನ್ನೂ ಅಪ್ಪ ಸ್ವಂತ ಬಣ್ಣದಲ್ಲಿ ತಿದ್ದಿ ಬರೆಯಬೇಕು, ಅದು ಮುಗಿಯುವವರೆಗೂ ಬೇರೆ ಕೆಲಸ ಇಲ್ಲ ಅಂದರು. ಅಪ್ಪ ಆಗಲಿ ಅಂತ ತಲೆಯಾಡಿಸಿದ.

ಹೊರಗೆ ವರಾಂಡದಲ್ಲಿ ಮೇಸ್ತ್ರಿ ನಿಂತು ಕುತ್ತಿಗೆಯ ಗುಂಡಿ ಬಿಚ್ಚಿಕೊಂಡರು. ಮೆಣಸಿಯನ್ನು ನೋಡಿದರು.

"ಕಣ್ಣಿಲ್ಲ ಅಂತ ಬರೆದೋಳು ನೀನೇನಾ?"

ಮೆಣಸಿ ಹೌದು ಅಂತ ತಲೆಯಾಡಿಸಿದಳು. ತಪ್ಪಾಯ್ತು ಅಂದಳು. ಇನ್ನೂ ಏನೇನೋ ಹೇಳಬೇಕು ಅಂತಿತ್ತು, ಬಾಯಿಗೆ ಬಂದದ್ದು ಅಷ್ಟೇ.

ಪರವಾಗಿಲ್ಲ ಅಂತಾರೆ ಅಂದುಕೊಂಡಳು. ದೊಡ್ಡವರು ಹಾಗೇ ಅನ್ನುವುದಲ್ಲವಾ? ಮೇಸ್ತ್ರಿ ಅನ್ನಲಿಲ್ಲ.

"ಆ ಕಾಗದ ಆಫೀಸಲ್ಲಿ ಎಲ್ರೂ ಓದಿದ್ರು," ಅಂದರು. "ನಮ್ಮನೇಲೂ ಓದಿದ್ರು." ಅಷ್ಟು ಹೇಳಿ ಮೆಟ್ಟಿಲಿಳಿದು ಹೋದರು.

ಮರುದಿನ ಬೆಳಿಗ್ಗೆ ಆರೂವರೆಗೆ ಅತ್ತೆ ಮೆಣಸಿಯನ್ನೂ ಅಪ್ಪನನ್ನೂ ಆ ತಿರುವಿಗೆ ಕರೆದುಕೊಂಡು ಬಂದಳು. ಬರಬೇಕು ಅಂತ ಯಾರೂ ಹೇಳಿರಲಿಲ್ಲ. ಮೇಸ್ತ್ರಿಯ ಕಡೆಯವರು ಆಗಲೇ ಪೊದೆ ಕಡಿದಿದ್ದರು. ಕಲ್ಲಿನ ಪಕ್ಕದಲ್ಲಿ ಗುಂಡಿ ತೋಡಿ, ಬೋರ್ಡಿನ ಕಂಬ ಇಳಿಸಿದ್ದರು. ಒಬ್ಬ ಸಿಮೆಂಟ್ ಕಲಸುತ್ತಿದ್ದ, ಇನ್ನೊಬ್ಬ ಗುಂಡಿಗೆ ಜಲ್ಲಿ ತುಂಬುತ್ತಿದ್ದ. ಮೇಸ್ತ್ರಿ ಎರಡೂ ಕೈಯಲ್ಲಿ ಕಂಬ ತಬ್ಬಿ ಹಿಡಿದಿದ್ದರು. ಮೆಣಸಿಯ ಕಡೆ ನೋಡಲೂ ಇಲ್ಲ.

ಮೆಣಸಿ ದೂರದಲ್ಲಿ ನಿಂತಳು. ಹತ್ತಿರ ಹೋಗುವ ಧೈರ್ಯ ಆಗಲಿಲ್ಲ, ವಾಪಸು ಹೋಗಲೂ ಮನಸ್ಸಾಗಲಿಲ್ಲ.

ಕಂಬ ಹಿಡಿದವರಿಗೆ ಕಂಬ ನೇರ ಇದೆಯೋ ಇಲ್ಲವೋ ಕಾಣುವುದಿಲ್ಲ. ಮೇಸ್ತ್ರಿ ಅತ್ತಿತ್ತ ನೋಡಿದರು. ತಮ್ಮವರು ಇಬ್ಬರೂ ಕೆಲಸದಲ್ಲಿದ್ದರು. ಅಪ್ಪ, ಅತ್ತೆ ಕೆಳಗೆ ಕೂತು ಕಲ್ಲಿನ ಪಾಚಿ ಕೆರೆಯುತ್ತಿದ್ದರು.

"ಏ ಹುಡುಗಿ," ಅಂದರು ಮೇಸ್ತ್ರಿ. "ನೇರ ಇದೆಯಾ ನೋಡು."

ಮೆಣಸಿ ನೋಡಿದಳು. ಕಂಬ ನೇರವಾಗಿಯೇ ಇತ್ತು. ಇದೆ ಅನ್ನಲು ಬಾಯಿ ತೆರೆದಳು. ಆಮೇಲೆ ಮುಚ್ಚಿದಳು.

ಎರಡೂ ಕಡೆ ನೋಡಿಕೊಂಡು ರಸ್ತೆ ದಾಟಿದಳು. ಆಚೆಯಿಂದ ಒಂದು ಕಣ್ಣು ಮುಚ್ಚಿ ನೋಡಿದಳು. ತಿರುವಿನ ತುದಿಯವರೆಗೂ ನಡೆದು ಹೋಗಿ, ಬೈಕಿನಲ್ಲಿ ಬರುವವರಿಗೆ ಹೇಗೆ ಕಾಣುತ್ತದೆ ಅಂತ ಅಲ್ಲಿಂದಲೂ ನೋಡಿದಳು. ಮೇಸ್ತ್ರಿ ಕಂಬ ಹಿಡಿದುಕೊಂಡೇ ಕಾದರು. ಬೇಗ ಅನ್ನಲಿಲ್ಲ.

"ಆ ಕಡೆಯಿಂದ ನೇರ ಕಾಣುತ್ತೆ," ಅಂದಳು ಮೆಣಸಿ ವಾಪಸು ಬಂದು. "ತಿರುವಿನಿಂದ ನೋಡಿದ್ರೆ ಒಂಚೂರು ಮರಗಳ ಕಡೆಗೆ ವಾಲಿದೆ."

ಮೇಸ್ತ್ರಿ ಕಂಬವನ್ನು ಜಲ್ಲಿ ಹಾಕುತ್ತಿದ್ದವನ ಕೈಗೆ ಕೊಟ್ಟು, ತಾವೇ ತಿರುವಿನ ತುದಿಯವರೆಗೂ ನಡೆದು ಹೋದರು. ನಿಂತು ನೋಡಿದರು. ನಿಧಾನವಾಗಿ ವಾಪಸು ಬಂದರು.

"ಹೌದು, ವಾಲಿದೆ," ಅಂದರು.

ಕಂಬವನ್ನು ಒಂದು ಬೆರಳಿನಷ್ಟು ಈಚೆಗೆ ಎಳೆದು ಹಿಡಿದರು. ಮೆಣಸಿ ಮತ್ತೆ ನೋಡಿ ಬರಲು ತಿರುವಿನ ಕಡೆಗೆ ನಡೆದಳು.